ಟ್ರೇಲರ್ ಮನೆಯ ನೆಲ ಬದಲಿಸುವುದು, ನೀರಿನ ಟ್ಯಾಂಕ್ ಕೂರಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಗಂಗಾವತಿಯಿಂದ, ಸಿಂಧನೂರಿನಿಂದ, ನಮ್ಮ ಬಳ್ಳಾರಿಯಿಂದಲೇ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಹೋದ ವರ್ಷ ತಾನೇ ನೆಲ ಹಾಕಿಸಿದ್ದೆ, ಬಾಗಿಲ ಹತ್ತಿರ ಮತ್ತೆ ಮೆತ್ತಗಾಗಿದೆ." "ಟ್ಯಾಂಕ್ ಕೂರಿಸೋಕೆ ಹೊಸ ಪ್ಲೈವುಡ್ ಕೊಯ್ಯಬೇಕಾಯಿತು." "ನೀರು ತುಂಬಿದರೆ ಗಾಡಿ ರೋಡಿನ ಮೇಲೆ ಬಾಲ ಅಲ್ಲಾಡಿಸುತ್ತೆ." ಈ ಮೂರಕ್ಕೂ ಕಾರಣ ಒಂದೇ. ಕೆಲಸ ಕೆಟ್ಟದಾಗಿ ಆಗಿರುವುದಿಲ್ಲ, ಹಿಂದುಮುಂದಾಗಿ ಆಗಿರುತ್ತದೆ. ಎಲ್ಲರೂ ನೆಲದಿಂದ ಶುರು ಮಾಡುತ್ತಾರೆ. ನೆಲ ಕೊನೆಗೆ ಬರಬೇಕು. ಮೊದಲು ಸೋರಿಕೆ, ಆಮೇಲೆ ಚಾಸಿ, ಆಮೇಲೆ ಟ್ಯಾಂಕ್ ಮತ್ತು ಪೈಪು, ಅದಾದ ಮೇಲೆ ನೆಲ.

ಇಲ್ಲಿ ನಾನು ಲೆಕ್ಕಕ್ಕೆ ಹಿಡಿದಿರುವುದು 12 ಅಡಿ ಉದ್ದ, ಆರೂವರೆ ಅಡಿ ಅಗಲದ, ಒಂದೇ ಆಕ್ಸಲ್ ಇರುವ ಟ್ರೇಲರ್. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವಂಥದ್ದು. ನಿಮ್ಮದು ದೊಡ್ಡದಿದ್ದರೆ ಅಳತೆ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

## ಶುರು ಮಾಡುವ ಮುಂಚೆ

ಗೋಣಿಚೀಲ ಹೊಲಿಯುವ ದಬ್ಬಣ ಒಂದು, ಸಣ್ಣ ಸುತ್ತಿಗೆ, ಟಾರ್ಚು, ಅಳತೆ ಟೇಪು, ಉದ್ದ ದಾರ, ಸ್ಪಿರಿಟ್ ಲೆವೆಲ್, ವೈರ್ ಬ್ರಷ್ ಹಾಕಿದ ಗ್ರೈಂಡರ್, ಡ್ರಿಲ್ ಮಷೀನ್, ಆಳ ಹೊಂದಿಸಬಹುದಾದ ಮರ ಕೊಯ್ಯುವ ಕಟರ್, ನಾಲ್ಕು ಜಾಕ್ ಸ್ಟ್ಯಾಂಡ್. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಲಡ್ಡಾದ ಪ್ಲೈವುಡ್‌ನ ಬೂಸ್ಟು ಉಸಿರಿಗೆ ಒಳ್ಳೆಯದಲ್ಲ.

ಕಾಲ ನೋಡಿ ಹಿಡಿಯಿರಿ. ನವೆಂಬರ್‌ನಿಂದ ಫೆಬ್ರವರಿ ನಮ್ಮ ಕಡೆ ಒಳ್ಳೆಯದು. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಕಲಸಿದ ಎಪಾಕ್ಸಿ (ಪ್ಲೈವುಡ್‌ಗೆ ನೀರು ಇಳಿಯದಂತೆ ಬಳಿಯುವ, ಎರಡು ಭಾಗ ಕಲಸುವ ಅಂಟು) ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ಅಂಟಿನ ಕೆಲಸವೆಲ್ಲ ಬೆಳಿಗ್ಗೆ 9ರೊಳಗೆ ಮುಗಿಸಿ, ಒಂದು ಸಲಕ್ಕೆ ಸ್ವಲ್ಪವೇ ಕಲಸಿ.

## 1. ನೀರು ಎಲ್ಲಿಂದ ಬಂತು ಅಂತ ಹುಡುಕಿ

ನೆಲ ತಾನಾಗಿ ಕೊಳೆಯುವುದಿಲ್ಲ. ಮೇಲಿನಿಂದ ನೀರು ಇಳಿದಿರುತ್ತದೆ, ಇಲ್ಲವೇ ಗಾಲಿಯ ಕೆಸರು ಕೆಳಗಿನಿಂದ ಎರಚಿರುತ್ತದೆ. ಅದನ್ನು ನಿಲ್ಲಿಸದೆ ಹೊಸ ಹಲಗೆ ಹಾಕಿದರೆ ಒಂದೇ ಮಳೆಗಾಲಕ್ಕೆ ಹಳೆಯ ಸ್ಥಿತಿಗೆ ಬರುತ್ತದೆ.

ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಜೋರಾಗಿ ಚಿಮ್ಮಿಸಬೇಡಿ, ಸುಮ್ನೆ ಹರಿಯಲು ಬಿಡಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ: ಮೊದಲು ಗಾಲಿಯ ಡಬ್ಬಿ, ಆಮೇಲೆ ಬಾಗಿಲ ಕೆಳಗಂಚು, ಕಿಟಕಿ, ಕೊನೆಗೆ ಚಾವಣಿಯ ಜೋಡು. ಒಂದೊಂದು ಕಡೆ 10 ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಇಳಿದು ಯಾವುದು ಸೋರುತ್ತಿದೆ ಅಂತ ತಿಳಿಯುವುದೇ ಇಲ್ಲ.

ಆಮೇಲೆ ದಬ್ಬಣ ತೆಗೆದುಕೊಂಡು ನೆಲವನ್ನು ಒಂದು ಅಡಿಗೆ ಒಂದರಂತೆ ಚುಚ್ಚುತ್ತಾ ಹೋಗಿ. ಗಟ್ಟಿ ಪ್ಲೈವುಡ್‌ಗೆ ತುದಿ ಮಾತ್ರ ಇಳಿಯುತ್ತದೆ. ಬೆಲ್ಲದ ಅಚ್ಚಿಗೆ ಚುಚ್ಚಿದ ಹಾಗೆ ಇಳಿದರೆ ಅಲ್ಲಿ ಮರ ಹೋಗಿದೆ. ಸೀಮೆಸುಣ್ಣದಲ್ಲಿ ಗುರುತು ಮಾಡಿ. ಗೋಡೆಯ ಬುಡವನ್ನೂ ಚುಚ್ಚಿ ನೋಡಿ, ಇದನ್ನು ಬಹಳ ಜನ ಮರೆಯುತ್ತಾರೆ.

ಸೋರುವ ಜೋಡಿಗೆ ಹಳೆಯ ಸಿಲಿಕಾನ್ ಮೇಲೆಯೇ ಹೊಸ ಸಿಲಿಕಾನ್ ಬಳಿಯಬೇಡಿ, ಅದು ಹಿಡಿಯುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿ. ಸಂಡೂರು, ತೋರಣಗಲ್ಲು ಕಡೆ ಇರುವವರು ಎರಡು ಸಲ ಒರೆಸಿ. ಆ ಕೆಂಪು ಧೂಳಿನ ಪದರ ಕಣ್ಣಿಗೆ ಕಾಣದಿದ್ದರೂ ಸೀಲಂಟ್ ಅದಕ್ಕೇ ಅಂಟುತ್ತದೆ, ತಗಡಿಗೆ ಅಂಟುವುದಿಲ್ಲ.

## 2. ಗಾಡಿಯನ್ನು ಮಟ್ಟವಾಗಿ ನಿಲ್ಲಿಸಿ

ಎರೆ ಮಣ್ಣಿನ ಮೇಲೆ ಜಾಕ್ ನಿಲ್ಲಿಸಬೇಡಿ. ಒಣಗಿದಾಗ ಕಲ್ಲಿನ ಹಾಗೆ ಕಾಣುತ್ತದೆ, ಒಂದು ಹನಿ ಮಳೆಗೆ ಜಾಕ್ ಒಂದು ಕಡೆ ಕೂತುಬಿಡುತ್ತದೆ. ಕಾಂಕ್ರೀಟ್ ಅಥವಾ ಗರಸಿನ ನೆಲ ಇಲ್ಲದಿದ್ದರೆ ಪ್ರತಿ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ. ಗಾಲಿಗಳಿಗೆ ಎರಡೂ ಕಡೆ ಅಡ್ಡ ಕಲ್ಲು ಕೊಡಿ. ನಾಲ್ಕು ಮೂಲೆಗೂ ಚಾಸಿಯ ಕೆಳಗೆ ಸ್ಟ್ಯಾಂಡ್ ಇರಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು.

ಈಗ ದಾರ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, ಬರೆದಿಡಿ. ಬಾಗಿಲು ಸಲೀಸಾಗಿ ಮುಚ್ಚುತ್ತದೆಯೇ ಅಂತಲೂ ನೋಡಿಕೊಳ್ಳಿ. ಮುಂದೆ ಈ ಎರಡೇ ನಿಮಗೆ ಎಚ್ಚರಿಕೆ ಕೊಡುತ್ತವೆ.

## 3. ಹಳೆಯ ನೆಲ ಬಿಚ್ಚುವುದು

ಬಹಳ ಟ್ರೇಲರ್‌ಗಳಲ್ಲಿ ಗೋಡೆ ನಿಂತಿರುವುದು ನೆಲದ ಅಂಚಿನ ಮೇಲೆ. ಚಾಸಿಯ ಮೇಲೆ ನೇರವಾಗಿ ಕೂತಿರುವುದಿಲ್ಲ. ಇದು ಗೊತ್ತಿಲ್ಲದೆ ಇಡೀ ನೆಲವನ್ನು ಒಂದೇ ದಿನ ಕಿತ್ತರೆ ಗೋಡೆ ಅರ್ಧ ಇಂಚು ಕೆಳಗೆ ಕೂರುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ, ಚಾವಣಿಯ ಜೋಡು ಬಾಯಿ ಬಿಡುತ್ತದೆ. ಆಮೇಲೆ ಅದನ್ನು ಎತ್ತಿ ಕೂರಿಸುವುದು ನೆಲ ಹಾಕುವುದಕ್ಕಿಂತ ದೊಡ್ಡ ಕೆಲಸ.

ಆದ್ದರಿಂದ ಮೊದಲು ಗೋಡೆಯ ಬುಡಕ್ಕೆ ಒಳಗಿನಿಂದ ಮರದ ಅಡ್ಡಪಟ್ಟಿ ಬಿಗಿದು, ಅದಕ್ಕೆ ಚಾಸಿಯಿಂದ ಊರುಗೋಲು ಕೊಡಿ. ನಡುವಿನ ನೆಲವನ್ನು ಮೊದಲು ತೆಗೆಯಿರಿ. ಅಂಚಿನದನ್ನು ಒಂದು ಸಲಕ್ಕೆ ಒಂದೇ ಕಡೆಯದು ತೆಗೆಯಿರಿ. ಪ್ರತಿ ತುಂಡು ತೆಗೆದ ಮೇಲೆ ಕರ್ಣ ಮತ್ತೆ ಅಳೆಯಿರಿ. ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಲ್ಲೇ ನಿಲ್ಲಿಸಿ, ಊರುಗೋಲು ಸರಿಮಾಡಿ.

ಕೊಯ್ಯುವ ಮುಂಚೆ ಗ್ಯಾಸ್ ಸಿಲಿಂಡರ್ ಮುಚ್ಚಿ ಹೊರಗೆ ತೆಗೆಯಿರಿ, ಬ್ಯಾಟರಿ ಬಿಚ್ಚಿ. ನೆಲದ ಕೆಳಗೆ ಗ್ಯಾಸ್ ಪೈಪು, ಲೈಟಿನ ವೈರು ಎಲ್ಲಿ ಹೋಗಿವೆ ಅಂತ ಮಲಗಿ ನೋಡಿ, ಫೋಟೋ ತೆಗೆದಿಡಿ. ಕಟರಿನ ಆಳವನ್ನು ಪ್ಲೈವುಡ್ ದಪ್ಪಕ್ಕೆ ಸರಿಯಾಗಿ ಹೊಂದಿಸಿ. ಹಳೆಯ ತುಂಡುಗಳನ್ನು ಬಿಸಾಡಬೇಡಿ. ಮೂಲೆಯ ಆಕಾರ, ತೂತಿನ ಜಾಗ ಎಲ್ಲದಕ್ಕೂ ಅವೇ ಅಚ್ಚು.

## 4. ಚಾಸಿ ಪರೀಕ್ಷೆ, ವೆಲ್ಡಿಂಗ್

ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಜಂಗು ತಿಂದದ್ದು ಮಂದವಾಗಿ ಡಬ್ ಅನ್ನುತ್ತದೆ. ಬಾಕ್ಸ್ ಪೈಪಿನ ಚಾಸಿಯಾದರೆ ಒಳಗಿನಿಂದ ತುಕ್ಕು ಹಿಡಿದಿರುತ್ತದೆ, ಹೊರಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಕಣ್ಣಿಗಿಂತ ಕಿವಿಯನ್ನು ನಂಬಿ.

ತೆಳುವಾದ ಕಡೆ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಿ. ಮೇಲೆ ಪಟ್ಟಿ ಹಚ್ಚಿ ಮುಚ್ಚಿಸಬೇಡಿ, ಆ ಸಂದಿನಲ್ಲಿ ನೀರು ನಿಂತು ತುಕ್ಕು ಇನ್ನೂ ಬೇಗ ಹಬ್ಬುತ್ತದೆ. ಟ್ಯಾಂಕಿಗೆ ದಾರಿ ಮಾಡಲು ಚಾಸಿಯ ಅಡ್ಡಪಟ್ಟಿಯನ್ನು ಕತ್ತರಿಸುವ ಯೋಚನೆ ಬಂದರೆ ಬೇಡ ಅನ್ನಿ. ಚಾಸಿಯ ಬಲ ಹೋಗುತ್ತದೆ. ಜೊತೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯಲ್ಲಿರುವ ವಿವರ ತಪ್ಪುವಂತೆ ವಾಹನ ಬದಲಿಸುವ ಹಾಗಿಲ್ಲ.

ವೆಲ್ಡಿಂಗ್ ಎಲ್ಲ ಈ ಹಂತದಲ್ಲೇ ಮುಗಿಯಬೇಕು. ಪ್ಲಾಸ್ಟಿಕ್ ಟ್ಯಾಂಕ್, ಫೋಮ್ ಹಾಳೆ, ಪ್ಲೈವುಡ್ ಬಂದ ಮೇಲೆ ಕಿಡಿ ಹಾರಿಸುವ ಕೆಲಸ ಬೇಡ. ಅಂದರೆ ಟ್ಯಾಂಕಿನ ತೊಟ್ಟಿಲು (ಟ್ಯಾಂಕ್ ಕೂರುವ ಕಬ್ಬಿಣದ ಚೌಕಟ್ಟು) ಎಲ್ಲಿ ಬರುತ್ತದೆ ಅಂತ ಬಣ್ಣ ಹೊಡೆಯುವ ಮುಂಚೆಯೇ ತೀರ್ಮಾನ ಆಗಿರಬೇಕು. ಮುಂದಿನ ಎರಡು ಹಂತ ಓದಿ, ಟ್ಯಾಂಕ್ ತಂದು, ತೊಟ್ಟಿಲು ವೆಲ್ಡ್ ಮಾಡಿಸಿ, ಆಮೇಲೆ ವೈರ್ ಬ್ರಷ್ ಉಜ್ಜಿ ಪ್ರೈಮರ್ ಹೊಡೆಯಿರಿ. ರೆಡ್ ಆಕ್ಸೈಡ್ ಎರಡು ಕೋಟು, ಮೇಲೆ ಎನಾಮಲ್ ಎರಡು ಕೋಟು ಸಾಕು. ಉಜ್ಜಿದ ದಿನವೇ ಮೊದಲ ಕೋಟು ಬೀಳಬೇಕು.

## 5. ಟ್ಯಾಂಕ್ ಎಲ್ಲಿ, ಎಷ್ಟು ದೊಡ್ಡದು

ಇಡೀ ಕೆಲಸದಲ್ಲಿ ನಿಜವಾಗಿ ತಲೆ ಓಡಿಸಬೇಕಾದ ಹಂತ ಇದೇ. ಒಂದು ಲೀಟರ್ ನೀರು ಒಂದು ಕೆ.ಜಿ. 100 ಲೀಟರ್ ಟ್ಯಾಂಕ್ ಅಂದರೆ ಒಂದು ಕ್ವಿಂಟಾಲ್ ಭತ್ತದ ತೂಕ ನಿಮ್ಮ ಗಾಡಿಯಲ್ಲಿ ಕೂತಂತೆ. ಅದೂ ಅಲ್ಲಾಡುವ ತೂಕ, ದಿನದಿನಕ್ಕೆ ಬದಲಾಗುವ ತೂಕ.

ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15 ಭಾಗ, ಜೀಪಿಗೆ ಕಟ್ಟುವ ಮುಂದಿನ ಕೊಂಡಿಯ ಮೇಲೆ ಕೂರಬೇಕು. 900 ಕೆ.ಜಿ. ಟ್ರೇಲರ್ ಆದರೆ 90ರಿಂದ 135 ಕೆ.ಜಿ. ಇದಕ್ಕಿಂತ ಕಡಿಮೆಯಾದರೆ ಹಿಂಭಾಗ ಎಡಕ್ಕೆ ಬಲಕ್ಕೆ ತೂಗಲು ಶುರುವಾಗುತ್ತದೆ. ವೇಗ ಹೆಚ್ಚಿದಂತೆ ಆ ತೂಗಾಟ ಕೈಮೀರುತ್ತದೆ.

ಒಂದು ಲೆಕ್ಕ ನೋಡಿ. ನಿಮ್ಮ ಕೊಂಡಿ ಆಕ್ಸಲಿನಿಂದ 3 ಮೀಟರ್ ಮುಂದಿದೆ. ಸ್ನಾನದ ಮೂಲೆ ಹಿಂದಿದೆ ಅಂತ ಟ್ಯಾಂಕನ್ನೂ ಹಿಂದೆಯೇ, ಆಕ್ಸಲಿನಿಂದ ಒಂದೂವರೆ ಮೀಟರ್ ಹಿಂದೆ ಕೂರಿಸಿದಿರಿ. 100 ಲೀಟರ್ ತುಂಬಿದಾಗ 100 × 1.5 ÷ 3, ಅಂದರೆ 50 ಕೆ.ಜಿ. ತೂಕ ಕೊಂಡಿಯಿಂದ ಎದ್ದುಬಿಡುತ್ತದೆ. ಖಾಲಿ ಇದ್ದಾಗ 100 ಕೆ.ಜಿ. ಇದ್ದ ಕೊಂಡಿ ಈಗ 50ಕ್ಕೆ ಇಳಿಯಿತು. "ನೀರು ತುಂಬಿದರೆ ಬಾಲ ಅಲ್ಲಾಡಿಸುತ್ತೆ" ಅನ್ನುವುದರ ಗುಟ್ಟು ಇಷ್ಟೇ.

ಹಾಗಾಗಿ ಒಳ್ಳೆ ನೀರಿನ ಟ್ಯಾಂಕ್ ಆಕ್ಸಲಿನ ನೇರಕ್ಕೆ ಅಥವಾ ಸ್ವಲ್ಪ ಮುಂದೆ, ಎಡಬಲಗಳ ನಡುವೆ ಇರಲಿ. ಬಚ್ಚಲ ನೀರಿನ ಟ್ಯಾಂಕ್ ಅದರ ಆದಷ್ಟು ಹತ್ತಿರ ಇರಲಿ. ಒಂದು ಖಾಲಿಯಾದಂತೆ ಇನ್ನೊಂದು ತುಂಬುತ್ತದೆ, ಹತ್ತಿರವಿದ್ದರೆ ತೂಕ ಅಲ್ಲಲ್ಲೇ ಉಳಿಯುತ್ತದೆ. ಒಟ್ಟು ತೂಕ ನೋಡಲು ನಮ್ಮಲ್ಲಿ ಕಷ್ಟವಿಲ್ಲ, ರೈಸ್ ಮಿಲ್ಲು, ಹತ್ತಿ ಮಾರುಕಟ್ಟೆಯ ಹತ್ತಿರ ವೇ ಬ್ರಿಡ್ಜ್ ಇದ್ದೇ ಇರುತ್ತದೆ. ಕೊಂಡಿಯ ತೂಕಕ್ಕೆ ಮಾತ್ರ ಚೀಲ ತೂಗುವ ಸಣ್ಣ ಕಾಟಾ ಬಳಸಿ. ದೊಡ್ಡ ಕಾಟಾದಲ್ಲಿ 10, 20 ಕೆ.ಜಿ. ವ್ಯತ್ಯಾಸ ಕಾಣುವುದಿಲ್ಲ.

ಎಷ್ಟು ಲೀಟರ್? ಹಿಡಿತದಿಂದ ಬಳಸಿದರೆ ಒಬ್ಬರಿಗೆ ದಿನಕ್ಕೆ 15 ಲೀಟರ್ ಸಾಕು ಅನ್ನುವುದು ನನ್ನ ಅನುಭವ. ಇಬ್ಬರಿಗೆ ಮೂರು ದಿನಕ್ಕೆ 90. ಅದಕ್ಕೇ 100 ಲೀಟರ್ ಅಂದೆ. 200 ಲೀಟರ್ ಹಾಕಿಸುವ ಆಸೆ ಎಲ್ಲರಿಗೂ ಇರುತ್ತದೆ. ಒಂದೇ ಆಕ್ಸಲಿನ ಗಾಡಿಗೆ ಬೇಡ. ಶೌಚದ ಟ್ಯಾಂಕನ್ನೂ ನಾನು ಇಷ್ಟು ಸಣ್ಣ ಗಾಡಿಗೆ ಹಾಕುವುದಿಲ್ಲ. ಅದನ್ನು ಖಾಲಿ ಮಾಡಲು ನಮ್ಮ ಜಿಲ್ಲೆಗಳಲ್ಲಿ ಸರಿಯಾದ ಜಾಗ ಹುಡುಕುವುದೇ ದೊಡ್ಡ ಪಾಡು. ಕೈಯಲ್ಲಿ ಎತ್ತಿಕೊಂಡು ಹೋಗಿ ಕಕ್ಕಸಿಗೆ ಸುರಿಯಬಹುದಾದ ಪೋರ್ಟಬಲ್ ಟಾಯ್ಲೆಟ್ ಇಡುವುದು ಮೇಲು.

ಟ್ಯಾಂಕ್ ಯಾವುದು? ಐಎಸ್ (ಭಾರತೀಯ ಮಾನಕ) 12701 ಗುರುತಿರುವ ಪಾಲಿಎಥಿಲೀನ್ ಟ್ಯಾಂಕ್ ಅಥವಾ 304 ದರ್ಜೆಯ ಸ್ಟೀಲಿನದು. ಗುಜರಿಯಲ್ಲಿ ಸಿಗುವ ನೀಲಿ ಬ್ಯಾರಲ್ ದಯವಿಟ್ಟು ಬೇಡ. ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಘಟಕಗಳಿವೆ. ಕೆಮಿಕಲ್ ತುಂಬಿ ಬಂದ ಬ್ಯಾರಲ್ ಎಷ್ಟು ತೊಳೆದರೂ ಪ್ಲಾಸ್ಟಿಕ್ ಹೀರಿಕೊಂಡದ್ದು ಹೋಗುವುದಿಲ್ಲ. ಮೂಸಿ ನೋಡಿದರೆ ವಾಸನೆ ಇಲ್ಲ ಅನ್ನುವುದು ಸಾಕ್ಷಿಯಲ್ಲ. ಬಿಳಿ, ಬೆಳಕು ತೂರುವ ಟ್ಯಾಂಕೂ ಬೇಡ, ಬಿಸಿಲಿಗೆ ಪಾಚಿ ಕಟ್ಟುತ್ತದೆ.

## 6. ತೊಟ್ಟಿಲು ಕಟ್ಟಿ ಟ್ಯಾಂಕ್ ಕೂರಿಸುವುದು

ಟ್ಯಾಂಕನ್ನು ಬರೀ ಪಟ್ಟಿಯಲ್ಲಿ ನೇತುಹಾಕಬೇಡಿ. ನಾಲ್ಕು ಕಡೆ ಆಂಗಲ್ ಚೌಕಟ್ಟು, ತಳಕ್ಕೆ ಪೂರ್ತಿ ಆಸರೆ ಕೊಡುವ ತಗಡು, ತಗಡು ಮತ್ತು ಟ್ಯಾಂಕಿನ ನಡುವೆ ರಬ್ಬರ್ ಹಾಳೆ. ತಳದ ತಗಡಿಗೆ ನಾಲ್ಕೈದು ತೂತು ಇರಲಿ, ನೀರು ನಿಲ್ಲಬಾರದು. ತೊಟ್ಟಿಲಿನ ತಳ ಆಕ್ಸಲ್ ಮಟ್ಟಕ್ಕಿಂತ ಕೆಳಗೆ ಇಳಿಯದಿರಲಿ. ನಮ್ಮ ಹಳ್ಳಿಗಳ ಹಂಪ್‌ಗಳು ಯಾವ ಅಳತೆಯವೂ ಅಲ್ಲ, ಗೊತ್ತಲ್ವಾ.

ಪಾಲಿಎಥಿಲೀನ್ ಬಿಸಿಲಿಗೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಟ್ಯಾಂಕ್ 30 ಡಿಗ್ರಿ ಬಿಸಿ ಏರಿದರೆ 5, 6 ಮಿ.ಮೀ. ಬೆಳೆಯುತ್ತದೆ. ಚೌಕಟ್ಟಿನಲ್ಲಿ ಅಷ್ಟು ಜಾಗ ಬಿಡಿ. ಗಟ್ಟಿಯಾಗಿ ಬಿಗಿದರೆ ಮೂಲೆ ಸೀಳುತ್ತದೆ. ಸೀಳಿದ ಮೇಲೆ ಎಪಾಕ್ಸಿ ಪುಟ್ಟಿ ಹಚ್ಚುವುದು ವ್ಯರ್ಥ, ಈ ಪ್ಲಾಸ್ಟಿಕ್‌ಗೆ ಅದು ಅಂಟುವುದೇ ಇಲ್ಲ. ಪ್ಲಾಸ್ಟಿಕ್ ವೆಲ್ಡಿಂಗ್ ಒಂದೇ ದಾರಿ.

ಕೂರಿಸಿದ ಮೇಲೆ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಳದಲ್ಲಿ ಕೈಯಾಡಿಸಿ. ಚೌಕಟ್ಟು ಬಾಗಿದೆಯೇ, ವೆಲ್ಡ್ ಬಳಿ ಬಣ್ಣ ಸೀಳಿದೆಯೇ ನೋಡಿ. ನೆಲ ತೆರೆದಿರುವಾಗ ಇದನ್ನು ಸರಿಮಾಡುವುದು ಅರ್ಧ ಗಂಟೆಯ ಕೆಲಸ. ನನ್ನ ಮೊದಲ ಗಾಡಿಯಲ್ಲಿ ಈ ಪರೀಕ್ಷೆ ಮಾಡಿರಲಿಲ್ಲ. ಹೊಸ ನೆಲ ಹಾಕಿದ ಮೇಲೆ ಹೊರಹೋಗುವ ಪೈಪು ಅಡ್ಡಪಟ್ಟಿಗೆ ತಗುಲುವುದು ಕಂಡಿತು. ಬಣ್ಣ ಆರಿದ ಪ್ಲೈವುಡ್ ಎರಡು ಅಡಿ ಕೊಯ್ದು ತೆಗೆಯಬೇಕಾಯಿತು.

## 7. ಪೈಪು, ಪಂಪು, ಗಾಳಿಯ ದಾರಿ

ಒಳ್ಳೆ ನೀರಿನ ಸಾಲು ಹೀಗೆ: ಟ್ಯಾಂಕ್, ಮುಚ್ಚುವ ವಾಲ್ವ್, ಜಾಲರಿ ಫಿಲ್ಟರ್, 12 ವೋಲ್ಟಿನ ಪಂಪು, ಒಂದು ಅಡಿ ಮೆತ್ತನೆ ಹೋಸ್ ಪೈಪು, ಆಮೇಲೆ ನಲ್ಲಿಗೆ ಹೋಗುವ ಸಾಲು. ಜಾಲರಿ ಪಂಪಿಗಿಂತ ಮುಂಚೆಯೇ ಇರಬೇಕು. ನಮ್ಮ ಬೋರ್‌ವೆಲ್ ನೀರಿನ ಸುಣ್ಣದ ಪುಡಿ ಪಂಪಿನ ಒಳಗಿನ ರಬ್ಬರ್ ವಾಲ್ವಿಗೆ ಸಿಕ್ಕರೆ ಪಂಪು ಓಡುತ್ತಲೇ ಇರುತ್ತದೆ, ನೀರು ಬರುವುದಿಲ್ಲ. ಪಂಪಿಗೆ ಅದರ ಮೇಲೆ ಬರೆದಷ್ಟೇ ಆಂಪಿಯರ್‌ನ ಫ್ಯೂಸ್ ಹಾಕಿ.

ಮನೆಗೆ ಹಾಕುವ ಗಟ್ಟಿ ಸಿಪಿವಿಸಿ ಪೈಪನ್ನೇ ಇಲ್ಲಿ ಉದ್ದಕ್ಕೂ ಹಾಕುವವರಿದ್ದಾರೆ. ಮನೆ ಅಲ್ಲಾಡುವುದಿಲ್ಲ, ಗಾಡಿ ಅಲ್ಲಾಡುತ್ತದೆ. ಜೋಡಿನಲ್ಲಿ ಬಿರುಕು ಬಿಡುತ್ತದೆ. ಕುಡಿಯುವ ನೀರಿಗೆ ಆಗುವ, ಒಳಗೆ ದಾರ ಹೆಣೆದ ಹೋಸ್ ಪೈಪು, ಸ್ಟೀಲ್ ಕ್ಲಿಪ್ಪು ಬಳಸಿ. ಪ್ರತಿ ಒಂದೂವರೆ ಅಡಿಗೆ ಒಂದು ಕ್ಲ್ಯಾಂಪು.

ಗಾಳಿಯ ಪೈಪು ಮರೆತರೆ ಟ್ಯಾಂಕ್ ತುಂಬುವಾಗ ನೀರು ವಾಪಸ್ ಚಿಮ್ಮುತ್ತದೆ, ಪಂಪು ಎಳೆಯುವಾಗ ಟ್ಯಾಂಕಿನ ಹೊಟ್ಟೆ ಒಳಕ್ಕೆ ಹೋಗುತ್ತದೆ. ಟ್ಯಾಂಕಿನ ತಲೆಯಿಂದ ಅರ್ಧ ಇಂಚಿನ ಪೈಪು ನೇರ ಮೇಲಕ್ಕೆ, ನಡುವೆ ಎಲ್ಲೂ ಜೋತು ಬೀಳದಂತೆ ಹೋಗಲಿ. ಬಾಯಿಗೆ ಜಾಲರಿ ಕಟ್ಟಿ, ಹುಳ ಹೋಗದಂತೆ.

ಬಚ್ಚಲ ನೀರಿಗೆ ಒಂದೂವರೆ ಇಂಚಿನ ಪೈಪು, ಒಂದು ಅಡಿಗೆ ಕಾಲು ಇಂಚು ಇಳಿಜಾರು. ಸಿಂಕಿನ ಕೆಳಗೆ ಎರಡು ಇಂಚು ನೀರು ನಿಲ್ಲುವ ಟ್ರ್ಯಾಪ್. ಈ ಟ್ಯಾಂಕಿಗೂ ಚಾವಣಿಯವರೆಗೆ ಗಾಳಿ ಪೈಪು ಬೇಕು, ಇಲ್ಲದಿದ್ದರೆ ಟ್ರ್ಯಾಪಿನ ನೀರು ಗುಳುಗುಳು ಎಂದು ಎಳೆದುಕೊಂಡು ಹೋಗಿ ಒಳಗೆಲ್ಲ ನಾತ. ಆ ಗುಳುಗುಳು ಸದ್ದೇ ಎಚ್ಚರಿಕೆ. ತಳದ ವಾಲ್ವಿನ ಬಾಯಿಗೆ ಮುಚ್ಚಳ ಇರಲಿ. ಈ ನೀರನ್ನು ತುಂಗಭದ್ರಾ ಕಾಲುವೆ ಪಕ್ಕದಲ್ಲಿ ಬಿಡಬೇಡಿ, ಕೆಳಗಿನ ಊರುಗಳ ಜನ ಅದನ್ನೇ ಕುಡಿಯುತ್ತಾರೆ.

## 8. ಈಗ ನೆಲ

ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ತನ್ನಿ. 8 ಅಡಿ × 4 ಅಡಿಯ ಮೂರು ಹಾಳೆ ಸಾಕು, ಅಡ್ಡಡ್ಡ ಹಾಕಿದರೆ ಮೂರು ನಾಲ್ಕಲೆ 12 ಅಡಿ. ಅಡ್ಡಪಟ್ಟಿಗಳ ನಡುವೆ ಒಂದು ಅಡಿ ಅಂತರವಿದ್ದರೆ 12 ಮಿ.ಮೀ. ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ 18 ಮಿ.ಮೀ. ಹಾಳೆ ಹಾಳೆ ಸೇರುವ ಜಾಗ, ಅಂದರೆ 4 ಮತ್ತು 8ನೇ ಅಡಿ, ಅಡ್ಡಪಟ್ಟಿಯ ಮೇಲೆಯೇ ಬರಬೇಕು. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಇಲ್ಲಿ ನಿಲ್ಲುವುದಿಲ್ಲ.

ಗುರುತು ನೋಡಿ ಸುಮ್ಮನಾಗಬೇಡಿ. ಮೂಲೆಯ ಒಂದು ತುಂಡು ಕೊಯ್ದು ನಾಲ್ಕು ಗಂಟೆ ಕುದಿಸಿ. ಐಎಸ್ 710 ಪರೀಕ್ಷೆಯಲ್ಲಿ 72 ಗಂಟೆ ಕುದಿಸುತ್ತಾರೆ, ನಾಲ್ಕು ಗಂಟೆಗೆ ಅದಕ್ಕೆ ಏನೂ ಆಗಬಾರದು. ಒಮ್ಮೆ ನಾನು ತಂದ ಹಾಳೆಯ ಮೇಲೆ ಮುದ್ರೆ ಚೆನ್ನಾಗಿಯೇ ಇತ್ತು. ಒಂದು ಗಂಟೆಗೆ ಪದರ ಪದರವಾಗಿ ಬಿಚ್ಚಿಕೊಂಡಿತು. ಅಂಗಡಿಯವರು ಬದಲಿಸಿ ಕೊಡಲಿಲ್ಲ. ಅಂದಿನಿಂದ ಮೊದಲು ಒಂದೇ ಹಾಳೆ ತಂದು ಕುದಿಸಿ ನೋಡಿ, ಉಳಿದದ್ದನ್ನು ಆಮೇಲೆ ತರುತ್ತೇನೆ.

ಹಳೆಯ ತುಂಡು ಇಟ್ಟು ಗುರುತು ಮಾಡಿ ಕೊಯ್ಯಿರಿ. ಪೈಪಿನ ತೂತು, ತಿರುಪಿನ ತೂತು ಎಲ್ಲ ಈಗಲೇ ಕೊರೆಯಿರಿ. ಟ್ಯಾಂಕಿನ ವಾಲ್ವಿನ ಮೇಲೆ ಕೈ ಹೋಗುವಷ್ಟು ದೊಡ್ಡ ಮುಚ್ಚಳದ ಜಾಗ ಬಿಡಿ. ಆಮೇಲೆ ಎಪಾಕ್ಸಿ. ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ. ಅಂಚಿಗೆ ಮತ್ತು ಪ್ರತಿ ತೂತಿನ ಒಳಗೋಡೆಗೆ ಮೂರು ಕೋಟು, ತಳಕ್ಕೆ ಎರಡು. ಕೋಟು ಹೊಡೆದ ಮೇಲೆ ಹೊಸದಾಗಿ ಒಂದು ತೂತು ಕೊರೆದರೂ ಅದಕ್ಕೂ ಬಳಿಯಿರಿ.

ತಳಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತುವ ಪದ್ಧತಿ ಇದೆ. ನಾನು ಒಪ್ಪುವುದಿಲ್ಲ. ಒಳಗೆ ಹೋದ ತೇವ ಹೊರಗೆ ಬರಲು ದಾರಿ ಇರುವುದಿಲ್ಲ. ಶಾಖ ತಡೆಯಲು ಅಡ್ಡಪಟ್ಟಿಗಳ ನಡುವೆ ನೀರು ಹೀರದ ಎಕ್ಸ್‌ಪಿಎಸ್ ಫೋಮ್ ಹಾಳೆ ಇಡಿ. ಗ್ಲಾಸ್ ವುಲ್ ಬೇಡ, ಒದ್ದೆಯಾದರೆ ತಿಂಗಳುಗಟ್ಟಲೆ ಒಣಗದು.

ಚಾಸಿಯ ಮೇಲೆ ಪಿಯು ಅಂಟಿನ ಗೆರೆ ಎಳೆದು ಹಾಳೆ ಕೂರಿಸಿ. ಅಂಚಿನಲ್ಲಿ 6 ಇಂಚಿಗೆ, ನಡುವೆ 10 ಇಂಚಿಗೆ ಒಂದು ತಿರುಪು. ಗೋಡೆ ಕೂರುವ ಕಡೆ ತಿರುಪು ಸಾಲದು, 8 ಮಿ.ಮೀ. ಬೋಲ್ಟು, ಅಗಲ ವಾಷರ್ ಹಾಕಿ. ಹಾಳೆಗಳ ನಡುವೆ 2 ಮಿ.ಮೀ. ಸಂದು ಬಿಟ್ಟು ಸೀಲಂಟ್ ತುಂಬಿ. ಊರುಗೋಲು ತೆಗೆಯುವ ಮುಂಚೆ ಅಂಟಿಗೆ ಎರಡು ದಿನ ಕೊಡಿ. ತೆಗೆದ ಮೇಲೆ ಕರ್ಣ ಅಳೆಯಿರಿ, ಬಾಗಿಲು ಮುಚ್ಚಿ ನೋಡಿ. ವಿನೈಲ್ ಹಾಸು ಕೊನೆಗೆ.

ಬಿಚ್ಚಿದ್ದ ಗ್ಯಾಸ್ ಪೈಪನ್ನು ಮತ್ತೆ ಜೋಡಿಸಿದ ಮೇಲೆ ಪ್ರತಿ ಜೋಡಿಗೂ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸಿಲಿಂಡರ್ ಮುಚ್ಚಿ, ಪುನಃ ಬಿಗಿಯಿರಿ.

## 9. ಟ್ಯಾಂಕ್ ಶುದ್ಧ ಮಾಡಿ ಓಡಿಸಿ ನೋಡುವುದು

ವಾಸನೆ, ಸೋಪು ಸೇರಿಸದ 5% ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್ ತನ್ನಿ. ಒಂದು ಲೀಟರ್ ನೀರಿಗೆ ಒಂದು ಮಿ.ಲೀ., ಅಂದರೆ 100 ಲೀಟರ್ ಟ್ಯಾಂಕಿಗೆ 100 ಮಿ.ಲೀ. ಪ್ರತಿ ನಲ್ಲಿಯಲ್ಲೂ ವಾಸನೆ ಬರುವವರೆಗೆ ಪಂಪು ಓಡಿಸಿ, ನಾಲ್ಕು ಗಂಟೆ ಬಿಟ್ಟು ಖಾಲಿ ಮಾಡಿ. ವಾಸನೆ ಹೋಗುವವರೆಗೆ ಒಳ್ಳೆ ನೀರಲ್ಲಿ ತೊಳೆಯಿರಿ. ಸ್ಟೀಲ್ ಟ್ಯಾಂಕಿನಲ್ಲಿ ಇದನ್ನು ರಾತ್ರಿಯೆಲ್ಲ ಬಿಡಬೇಡಿ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಬ್ಲೀಚ್ ಎಂದೂ ಬೆರೆಯಬಾರದು, ವಿಷದ ಗಾಳಿ ಏಳುತ್ತದೆ.

ಟ್ಯಾಂಕ್ ಶುದ್ಧವಾಯಿತು ಅಂದರೆ ನೀರು ಕುಡಿಯಬಹುದು ಅಂತಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೂ ಅದು ಹೋಗುವುದಿಲ್ಲ, ಬ್ಲೀಚಿಗೂ ಹೋಗುವುದಿಲ್ಲ. ಬೋರ್ ನೀರು ತುಂಬಿಸಿದರೆ ಅದು ತೊಳೆಯಲು, ಸ್ನಾನಕ್ಕೆ ಇರಲಿ. ಕುಡಿಯಲು ಶುದ್ಧೀಕರಣ ಘಟಕದ ಕ್ಯಾನ್ ಬೇರೆ ಇಡಿ.

ಕೊನೆಗೆ ಟ್ಯಾಂಕ್ ತುಂಬಿ 30 ಕಿ.ಮೀ. ಓಡಿಸಿ. ಹೊರಡುವ ಮುಂಚೆ ತೊಟ್ಟಿಲಿನ ಪ್ರತಿ ನಟ್ಟಿನಿಂದ ಚೌಕಟ್ಟಿಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ವಾಪಸ್ ಬಂದು ಕೆಳಗೆ ಮಲಗಿ ನೋಡಿದಾಗ ಗೆರೆ ಮುರಿದಿದ್ದರೆ ಆ ನಟ್ಟು ತಿರುಗಿದೆ. ಅದಕ್ಕೆ ಲಾಕ್ ನಟ್ಟು ಹಾಕಿ, ಹೊಸ ಗೆರೆ ಎಳೆದು, ಅದೇ ರೋಡಿನಲ್ಲಿ ಇನ್ನೊಂದು ಸಲ ಓಡಿಸಿ ಬನ್ನಿ.